ಅವ್ವನ್ನ ಇಲ್ಲಿಗೆ ಕರಕೊಂಡು ಬರಲೇ ಎಂದು ಕೇಳಿದ ತಂಗಿಗೆ

ತಂಗಿ,

ನಿಮ್ಮ ಅಪ್ಪಾಜಿ ಲಿಂಗೈಕ್ಯರಾದ ಸುದ್ದಿ ಓದಿ ಬಹಳ ಸಂಕಟವಾಯಿತು. ಇಂಗ್ಲೆಂಡಿನ ರೆಡಿಂಗ್‌ ಊರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಅಷ್ಟರಲ್ಲೇ ಈ ಪೆಟ್ಟು. ಗದಗಿನ ಮನೆಯಲ್ಲಿ ಅವ್ವ ಒಬ್ಬರೇ, ನೀನು ಒಬ್ಬಳೇ ಮಗಳು. ಅವರನ್ನು ಕಾಯಂ ಇಲ್ಲೇ ಇಟ್ಟುಕೊಳ್ಳಬಹುದೇ, ಆಗದಿದ್ದರೆ "ದೇವರ ಮ್ಯಾಲೆ ಭಾರ ಹಾಕಿ ನೀವೆಲ್ಲಾ ಇಲ್ಲಿ ಹೆಂಗ ಇರ್ತೀರಿ ಅಕ್ಕಾ" ಎಂದು ಕೇಳಿದ್ದೀಯ.

ಕಾಗದಪತ್ರದ ಮಾತು ಮೊದಲು ಮುಗಿಸುತ್ತೇನೆ. ಕಾಯಂ ಕರೆಸಿಕೊಳ್ಳುವ ದಾರಿ ಸದ್ಯ ನಿನ್ನ ವೀಸಾದಲ್ಲಿಲ್ಲ. ಇಲ್ಲಿ ನೆಲೆಸುವ ಹಕ್ಕು ಸಿಕ್ಕ ಮೇಲೂ ಕಷ್ಟವೇ. 2012ರ ಜುಲೈನಲ್ಲಿ ನಿಯಮ ಬಿಗಿಯಾಯಿತು. ಸ್ನಾನಕ್ಕೆ, ಊಟಕ್ಕೆ ಇನ್ನೊಬ್ಬರ ಕೈ ಬೇಕೇಬೇಕು, ನಾವು ದುಡ್ಡು ಕಳಿಸಿದರೂ ಅಂಥ ಆರೈಕೆ ಊರಲ್ಲಿ ಸಿಗುವುದಿಲ್ಲ ಎಂದು ತೋರಿಸಬೇಕು. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಹೆಚ್ಚೆಂದರೆ ಆರು ತಿಂಗಳು. ಇನ್ಶೂರೆನ್ಸ್ ಮಾಡಿಸದೆ ವಿಮಾನ ಹತ್ತಿಸಬೇಡ, ಬಿಪಿ, ಶುಗರ್ ಇದ್ದರೆ ಮುಚ್ಚಿಡಬೇಡ. ವಿಸಿಟರ್ ವೀಸಾದಲ್ಲಿ ಬಂದವರನ್ನು ಇಲ್ಲಿ ಆಸ್ಪತ್ರೆಗೆ ಸೇರಿಸಿದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತನ್ನ ದರದ ಒಂದೂವರೆ ಪಟ್ಟು ಬಿಲ್ಲು ಕೊಡುತ್ತದೆ.

ಇನ್ನು ದೇವರ ಮಾತು. ನಾನು ಬಂದ ಕಾಲಕ್ಕೆ ಫೋನ್ ಕಾರ್ಡಿನ ನಂಬರು ಒತ್ತಿ ವಾರಕ್ಕೊಮ್ಮೆ ಮಾತಾಡುತ್ತಿದ್ದೆವು. ಧಾರವಾಡದಲ್ಲಿ ಅಪ್ಪ, ಅವ್ವ ಇಬ್ಬರೂ ಇದ್ದರು, "ಶಿವಾ, ನೀನೇ ನೋಡಿಕೋ" ಎಂದು ಮಲಗಿದರೆ ನಿದ್ದೆ ಬರುತ್ತಿತ್ತು. ಅಪ್ಪ ಹೋದ ಮೇಲೆ ಆ ಮಾತು ಬಾಯಿಗೇ ಬರಲಿಲ್ಲ. ಶಿವಗಣಾರಾಧನೆ ಮುಗಿಯಿತು, ರಜೆಯೂ ತೀರಿತು, ಅವ್ವನನ್ನು ಆ ಮನೆಯಲ್ಲಿ ಬಿಟ್ಟು ಬಂದೆ.

ಆ ಚಳಿಗಾಲಕ್ಕೆ ಅವಳನ್ನು ಲಂಡನ್ನಿಗೆ ಕರೆಸಿದೆ. ಡಿಸೆಂಬರಿನಲ್ಲಿ ಮುಂಜಾನೆ ಎಂಟರ ತನಕ ಸೂರ್ಯನಿಲ್ಲ, ಸಂಜೆ ನಾಲ್ಕಕ್ಕೆ ಮತ್ತೆ ಕತ್ತಲು. ಅವ್ವ ಎಂದಿನಂತೆ ಐದಕ್ಕೆ ಎದ್ದು, ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಿದ್ದಳು. ಇಷ್ಟಲಿಂಗಕ್ಕೆ ಗುಡಿ ಬೇಕಿಲ್ಲ, ಪೂಜೆಗೆ ಏನೂ ಕೊರತೆಯಾಗಲಿಲ್ಲ. ಪೂಜೆ ಮುಗಿದ ಮೇಲೆ ಉಳಿಯುತ್ತಿದ್ದ ಹಗಲನ್ನು ಏನು ಮಾಡುವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ. ಪಕ್ಕದ ಮನೆಯವರ ಮುಖವೇ ಕಾಣದು. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಂಡೆಗೆ ಬಸವಣ್ಣನ ಪ್ರತಿಮೆ ಇದೆ, 2015ರಲ್ಲಿ ನಿಲ್ಲಿಸಿದ್ದು. ಅಲ್ಲಿ ಕೈಮುಗಿದು ನಿಂತಾಗ ಅವಳ ಮುಖ ಅರಳಿದ್ದು ನೋಡಿ, ಇನ್ನು ಇಲ್ಲಿ ಹೊಂದಿಕೊಳ್ಳುತ್ತಾಳೆ ಎಂದುಕೊಂಡೆ. ಮನೆಗೆ ಬಂದವಳೇ ಅಂದಳು: "ಕೊರಳಾಗಿನ ದೇವ್ರು ಎಲ್ಲಿ ಹೋದ್ರೂ ಜೋಡಿ ಬರ್ತಾನ ಯವ್ವಾ. ನಮ್ಮ ಓಣಿ ಬರಂಗಿಲ್ಲ. ನನ್ನ ಊರಿಗೆ ಕಳಸು."

ಕಳಿಸಿದೆ. ಅದಕ್ಕಿಂತ ಕಷ್ಟದ ಕೆಲಸ ಈ ದೇಶದಲ್ಲಿ ನಾನು ಮಾಡಿಲ್ಲ. ಅವ್ವ ನನ್ನ ಹತ್ತಿರ ಇರಲಿ ಎಂದು ದಿನಾ ಬೇಡಿದವಳು ನಾನು. ಅವಳೂ ಅದೇ ಶಿವನನ್ನು ಬೇಡುತ್ತಿದ್ದಳು, ತನ್ನ ಮನೆಗೆ ಮುಟ್ಟಿಸು ಎಂದು. ಅವಳ ಮಾತು ನಡೆಯಿತು, ನಡೆದದ್ದು ಸರಿ ಎಂದು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಈಗ ಮುಂದಿನ ಖೋಲಿಯಲ್ಲಿ ಕಾಲೇಜು ಹುಡುಗಿ ಬಾಡಿಗೆಗಿದ್ದಾಳೆ, ರಾತ್ರಿಗೆ ಜೊತೆ. ಶ್ರಾವಣ ಬಂದರೆ ಮುರುಘಾಮಠದಲ್ಲಿ ಪ್ರವಚನ. ಭಾರತ ಹುಣ್ಣಿಮೆಗೆ ಓಣಿಯವರ ಜೊತೆ ಉಳವಿ ಜಾತ್ರೆಗೆ ಹೋಗಿಬಂದಳು, ಅಪ್ಪ ಇದ್ದಾಗಲೂ ಹೋಗದವಳು!

ನೋವು ಇಲ್ಲವೆಂದಲ್ಲ. ಅವಳ ಕೈ ನಡುಗುವುದನ್ನು ನಾನು ಮೊದಲು ನೋಡಿದ್ದು ವಿಡಿಯೋದಲ್ಲಿ, ಓಣಿಯವರಿಗೆ ಆಗಲೇ ಗೊತ್ತಿತ್ತು. ಅವರು ಡಾಕ್ಟರಿಗೂ ತೋರಿಸಿಕೊಂಡು ಬಂದಿದ್ದರು. ದೇವರು ನೋಡಿಕೊಳ್ಳುವುದು ಅಂದರೆ ಹೀಗೆ, ಬೇರೆಯವರ ಕೈಯಿಂದ. ಅದು ನನ್ನ ಕೈ ಆಗಿರಬೇಕಿತ್ತು ಅನ್ನೋ ಹಂಬಲ ಮಾತ್ರ ಇಂದಿಗೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮವ್ವನನ್ನು ಕೇಳದೆ ಟಿಕೆಟ್ ತೆಗೆಸಬೇಡ, ಮನೆ ಮಾರುವ ಮಾತಂತೂ ಈಗ ಎತ್ತಲೇಬೇಡ. ಬರುತ್ತೇನೆಂದರೆ ಏಪ್ರಿಲ್ ಕೊನೆಗೆ ಕರೆಸು, ಆಗ ಹಗಲು ದೊಡ್ಡದು. ಜೋಳದ ಹಿಟ್ಟು ಸೌಥಾಲ್ ಅಂಗಡಿಗಳಲ್ಲಿ ಸಿಗುತ್ತದೆ, ವಿಭೂತಿ ಊರಿಂದಲೇ ತರಲಿ. ಒಂದು ಭಾನುವಾರ ನಮ್ಮ ಮನೆಗೆ ಕರಕೊಂಡು ಬಾ. ನಮ್ಮ ಕಡೆಯ ಹಿರಿಯರ ಮಾತು ಕೇಳಿ ನನಗೂ ಬಹಳ ದಿನವಾಯಿತು.