ಸಂಪಾದಕರ ಉತ್ತರ: ಹಿಂದಿನ ಬೆಂಚಿನವರ ವಿಶ್ವಾಸ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡೆ. ಮೂಡಿಗೆರೆ ಕಡೆಯ ಒಬ್ಬ ತಾಯಿ ಬರೆದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

"ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಮೊದಲು ಚರ್ಚಿನಲ್ಲಿ ಹಾಡುತ್ತಿದ್ದೆ. ಈಗ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತೇನೆ. ಜಪಸರ ಕೈಯಲ್ಲಿರುತ್ತದೆ, ಬಾಯಿಗೆ ಪ್ರಾರ್ಥನೆ ಬರುವುದಿಲ್ಲ. ಮಗ ಬೆಂಗಳೂರಿನಲ್ಲಿ ದೊಡ್ಡ ಪ್ರಾರ್ಥನಾ ಕೂಟಕ್ಕೆ ಹೋಗುತ್ತಾನೆ. 'ಅಮ್ಮ, ನಿನ್ನ ವಿಶ್ವಾಸ ತಣ್ಣಗಾಗಿದೆ. ಸಂತ ಪೌಲ ಒಂದೇ ಕ್ಷಣದಲ್ಲಿ ಬದಲಾದ. ನಿಜವಾದ ವಿಶ್ವಾಸ ಇದ್ದರೆ ವರ್ಷದಿಂದ ವರ್ಷಕ್ಕೆ ಬೆಳವಣಿಗೆ ಕಾಣಬೇಕು' ಅಂತಾನೆ. ನನಗೀಗ 61. ಈ ವಯಸ್ಸಲ್ಲಿ ನಾನು ಹಿಂದಕ್ಕೆ ಹೋಗುತ್ತಿದ್ದೇನಾ?"

ಇಲ್ಲ ಅಕ್ಕ. ಹಿಂದಕ್ಕೆ ಹೋಗುತ್ತಿಲ್ಲ. ಮೊದಲು ಇಷ್ಟನ್ನು ಓದಿ, ಒಂದು ಲೋಟ ಕಾಫಿ ಕುಡಿದು, ಆಮೇಲೆ ಮುಂದಿನದನ್ನು ಓದಿ.

ನಿಮ್ಮ ಮಗನ ಮೇಲೆ ನನಗೆ ಕೋಪವಿಲ್ಲ. ಅಂಥ ಕೂಟಗಳಿಗೆ ಹೋಗಿ ಕುಡಿತ ಬಿಟ್ಟವರನ್ನು ನಾನು ಬಲ್ಲೆ. ಊರು ಬಿಟ್ಟು ಹೋದ ಹುಡುಗನಿಗೆ ಜೊತೆಗೆ ನಾಲ್ಕು ಜನ ಸಿಕ್ಕಿದ್ದಾರೆ, ಅದು ಒಳ್ಳೆಯದೇ. ಆದರೆ ಅವನು ಸಂತ ಪೌಲರ ಹೆಸರು ತೆಗೆದಿದ್ದಾನಲ್ಲ, ಅಲ್ಲಿ ನಾನು ಸುಮ್ಮನಿರಲಾರೆ.

ಕ್ರೈಸ್ತರನ್ನು ಹಿಡಿದು ತರಲು ಹೊರಟಿದ್ದ ಪೌಲರಿಗೆ ದಮಸ್ಕದ ದಾರಿಯಲ್ಲಿ ಬೆಳಕು ಹೊಳೆಯಿತು, ನೆಲಕ್ಕೆ ಬಿದ್ದರು. ನಿಜ. ಆಮೇಲೆ ಏನಾಯಿತು? ಗಲಾತ್ಯ ಸೀಮೆಯ ಕ್ರೈಸ್ತರಿಗೆ ಬರೆದ ಪತ್ರದ ಮೊದಲ ಎರಡು ಅಧ್ಯಾಯಗಳಲ್ಲಿ ಅವರೇ ಹೇಳುತ್ತಾರೆ. ಅಲ್ಲಿಂದ ಅವರು ಅರೇಬಿಯಾಕ್ಕೆ ಹೋದರು. ಮತ್ತೆ ದಮಸ್ಕಕ್ಕೆ ಬಂದರು. ಮೂರು ವರ್ಷದ ಮೇಲೆ ಜೆರುಸಲೇಮಿಗೆ ಹೋಗಿ ಯೇಸುವಿನ ಶಿಷ್ಯ ಪೇತ್ರರ ಜೊತೆ ಹದಿನೈದು ದಿನ ಇದ್ದರು. ಆಮೇಲೆ ಸಿರಿಯ, ಸಿಲಿಸಿಯ ಸೀಮೆ. ಜೆರುಸಲೇಮಿಗೆ ಮತ್ತೆ ಹೋದದ್ದು ಹದಿನಾಲ್ಕು ವರ್ಷದ ಮೇಲೆ ಎಂದು ಬರೆಯುತ್ತಾರೆ. ಅರೇಬಿಯಾದಲ್ಲಿ ಏನು ಮಾಡಿದರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಇಷ್ಟೆಲ್ಲ ವರ್ಷ ಕಳೆದ ಮೇಲೆ ಬಂದವು ನಾವು ಇವತ್ತು ಚರ್ಚಿನ ಪೂಜೆಯಲ್ಲಿ ಓದುವ ಆ ಪತ್ರಗಳು. ಬೆಳಕು ಹೊಳೆದ ಆ ಗಳಿಗೆಯ ಬಗ್ಗೆ ಸಾವಿರ ಪ್ರಸಂಗ ಕೇಳಿದ್ದೇವೆ. ಅರೇಬಿಯಾದ ಬಗ್ಗೆ ಎಷ್ಟು ಕೇಳಿದ್ದೇವೆ ಹೇಳಿ?

ಬೈಬಲಿನ ತುಂಬ ಇಂಥ ಮೌನದ ವರ್ಷಗಳಿವೆ. ಅಬ್ರಹಾಮರು 75ನೇ ವಯಸ್ಸಿಗೆ ದೇವರ ಮಾತು ನಂಬಿ ಮನೆ ಬಿಟ್ಟರು. ದೇವರು ಮಾತು ಕೊಟ್ಟಿದ್ದ ಮಗ ಈಸಾಕ ಹುಟ್ಟಿದ್ದು ಅವರಿಗೆ 100 ತುಂಬಿದಾಗ. ಆದಿಕಾಂಡದ 16ನೇ ಅಧ್ಯಾಯದ ಕೊನೆಯ ಸಾಲಲ್ಲಿ ಅವರ ವಯಸ್ಸು 86. 17ನೇ ಅಧ್ಯಾಯದ ಮೊದಲ ಸಾಲಲ್ಲಿ 99. ನಡುವಿನ 13 ವರ್ಷ ದೇವರು ಮಾತಾಡಿದ ಸುದ್ದಿಯೇ ಇಲ್ಲ. ಅಬ್ರಹಾಮರಿಗೆ ಆಗ ಯಾರಾದರೂ ಬಂದು "ನಿಮ್ಮ ವಿಶ್ವಾಸ ತಣ್ಣಗಾಗಿದೆ" ಅಂದಿದ್ದರೆ ಅವರು ಏನು ಉತ್ತರ ಕೊಡುತ್ತಿದ್ದರು? ಯೇಸು ಸ್ವಾಮಿಯ ಬದುಕನ್ನೇ ನೋಡಿ. ಹನ್ನೆರಡನೇ ವಯಸ್ಸಿನಲ್ಲಿ ದೇವಾಲಯದಲ್ಲಿ ಕಾಣುತ್ತಾರೆ. ಆಮೇಲೆ ಕಾಣುವುದು ಸುಮಾರು ಮೂವತ್ತಕ್ಕೆ. ನಡುವಿನ ಅಷ್ಟೂ ವರ್ಷಕ್ಕೆ ಶುಭಸಂದೇಶ ಬರೆದ ಲೂಕನು ಇಟ್ಟಿರುವುದು ಒಂದೇ ಸಾಲು: ಜ್ಞಾನದಲ್ಲೂ ಪ್ರಾಯದಲ್ಲೂ ದೇವರ, ಮನುಷ್ಯರ ಪ್ರೀತಿಯಲ್ಲೂ ಬೆಳೆದರು. ಬೆಳೆದರು ಎಂಬ ಮಾತು ಬಂದಿರುವುದೇ ಏನೂ ಕಾಣದ ಆ ವರ್ಷಗಳಿಗೆ. ಹೊರಗಿನವರಿಗೆ ಕಂಡಿದ್ದು ನಜರೇತಿನ ಒಬ್ಬ ಬಡಗಿ.

ಬಾಯಿಗೆ ಪ್ರಾರ್ಥನೆ ಬರುವುದಿಲ್ಲ ಎಂದಿರಿ. ಕೀರ್ತನೆಗಳ ಪುಸ್ತಕ ತೆಗೆದು ನೋಡಿ. 150ರಲ್ಲಿ ಮೂರನೇ ಒಂದು ಪಾಲಿನಷ್ಟು ಅಳು, ದೂರು, ಜಗಳ. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲು ಕೂಡ ಇಲ್ಲ. ಅದನ್ನು ಯಾರೂ ತೆಗೆದುಹಾಕಲಿಲ್ಲ. ಶಿಲುಬೆಯ ಮೇಲೆ ಯೇಸು ಸ್ವಾಮಿಯ ಬಾಯಿಗೆ ಬಂದದ್ದೂ 22ನೇ ಕೀರ್ತನೆಯ ಮೊದಲ ಮಾತು, ನನ್ನನ್ನು ಏಕೆ ಕೈಬಿಟ್ಟೆ ಎಂದು ಕೇಳುವ ಮಾತು. ಅದೂ ಪ್ರಾರ್ಥನೆಯೇ ಅಲ್ವಾ? ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರು ತಮ್ಮ ಗುರುಗಳಿಗೆ ಬರೆದಿದ್ದ ಪತ್ರಗಳು 2007ರಲ್ಲಿ ಅಚ್ಚಾದವು. ನಡುವೆ ಕೆಲವು ವಾರ ಬಿಟ್ಟರೆ ಹತ್ತಿರ ಹತ್ತಿರ 50 ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ದೇವರು ಹತ್ತಿರ ಇದ್ದಾನೆ ಅನ್ನಿಸಿಯೇ ಇರಲಿಲ್ಲ. ಕೋಲ್ಕತ್ತದ ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಂಡು ಬಂದದ್ದು ಅದೇ ವರ್ಷಗಳಲ್ಲಿ. ಇದನ್ನು ನಿಮ್ಮ ಮಗನಿಗೆ ಖಂಡಿತ ಹೇಳಿ.

ನಮ್ಮ ಕಥೋಲಿಕ ಧರ್ಮಸಭೆ ಕೂಡ ವರ್ಷವಿಡೀ ಹಬ್ಬ ಮಾಡುವುದಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲಕ್ಕೆ ನಾಲ್ಕು ಭಾನುವಾರ, ಅದರ ಹಿಂದೆಯೇ ಕ್ರಿಸ್ಮಸ್ ಕಾಲ, ತಪಸ್ಸು ಕಾಲಕ್ಕೆ 40 ದಿನ, ಈಸ್ಟರಿನ ಪಾಸ್ಖ ಕಾಲಕ್ಕೆ 50 ದಿನ. ಉಳಿದ 33 ಅಥವಾ 34 ವಾರ ಸಾಧಾರಣ ಕಾಲ. ಹಸಿರು ಬಟ್ಟೆ, ಸಾಮಾನ್ಯ ಪೂಜೆ. ವರ್ಷದ ದೊಡ್ಡ ಪಾಲೇ ಅದು. ಯೇಸು ಸ್ವಾಮಿ ಸಮಾಧಿಯಲ್ಲಿದ್ದ ದಿನ, ಈಸ್ಟರಿನ ಹಿಂದಿನ ಪವಿತ್ರ ಶನಿವಾರ ಹಗಲಂತೂ ಪೂಜೆಯೇ ಇಲ್ಲ, ಬಲಿಪೀಠದ ಮೇಲೆ ಬಟ್ಟೆಯೂ ಇರುವುದಿಲ್ಲ. ಸಭೆಯೇ ಬಾಯಿ ಮುಚ್ಚಿ ಕೂರುವ ದಿನವನ್ನು ಹಿರಿಯರು ತಿಳಿದೇ ಇಟ್ಟಿದ್ದಾರೆ. ಗಂಡನನ್ನು ಕಳೆದುಕೊಂಡವರಿಗೆ ಆ ಶನಿವಾರ ಒಂದೇ ದಿನಕ್ಕೆ ಮುಗಿಯುವುದಿಲ್ಲ.

ಆಲ್ದೂರು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಒಬ್ಬ ಹಿರಿಯರು ನನಗೆ ಗೊತ್ತಿದ್ದರು. ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಇಷ್ಟು ಇಂಚು, ಇಷ್ಟು ಸೆಂಟು ಅಂತ. ಅವರ ಮಗಳು ಚಿಕ್ಕ ವಯಸ್ಸಲ್ಲೇ ಹೋದಳು. ಅದಾದ ಮೇಲೂ ಭಾನುವಾರ ತಪ್ಪಿಸಲಿಲ್ಲ. ಬರುತ್ತಿದ್ದರು, ಬಾಗಿಲ ಹತ್ತಿರ ಕೂರುತ್ತಿದ್ದರು, ಒಂದು ಹಾಡಿಗೂ ಬಾಯಿ ತೆರೆಯುತ್ತಿರಲಿಲ್ಲ. ಒಮ್ಮೆ ಕೇಳಿದೆ, ಏನು ಪ್ರಾರ್ಥನೆ ಮಾಡುತ್ತೀರಿ ಅಂತ. "ಏನೂ ಇಲ್ಲ. ಮಳೆ ಬಾರದ ದಿನಾನೂ ಪುಸ್ತಕ ತೆಗೆದು ಸೊನ್ನೆ ಬರೀತೀನಲ್ಲ, ಹಾಗೆ ಬಂದು ಕೂರ್ತೀನಿ" ಅಂದರು. ಸೊನ್ನೆ ಬರೆಯದೆ ಬಿಟ್ಟರೆ ಆ ದಿನ ಮಳೆ ಬರಲಿಲ್ಲವೋ, ಅಳೆಯುವವನೇ ಬರಲಿಲ್ಲವೋ ತಿಳಿಯುವುದಿಲ್ಲ. ಕಾಫಿ ನಾಡಿನವರಾದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಕೈಯಲ್ಲಿ ಜಪಸರ ಹಿಡಿದು ಸುಮ್ನೆ ಕೂತು ಬರುತ್ತೀರಲ್ಲ, ಅದು ಪುಸ್ತಕಕ್ಕೆ ಸೇರಿದೆ.

ಒಂದು ಮಾತಿಗೆ ಮಾತ್ರ ನಿಮ್ಮನ್ನು ಗದರಬೇಕು. "ಈ ವಯಸ್ಸಲ್ಲಿ" ಅಂತ ಬರೆದಿದ್ದೀರಿ. ಉರಿಯುವ ಪೊದೆಯ ಹತ್ತಿರ ಕರೆ ಬಂದು ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತಾಗ ಮೋಶೆಗೆ 80. ದೇವಾಲಯದಲ್ಲಿ ಕೂಸು ಯೇಸುವನ್ನು ಗುರುತಿಸಿದ ಅನ್ನಳು ಮುದುಕಿ, ವಿಧವೆ. ಮದುವೆಯಾಗಿ ಏಳೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ಅಷ್ಟು ಜನ ಯಾಜಕರು ಓಡಾಡುವ ಜಾಗದಲ್ಲಿ ಕಣ್ಣು ಕಂಡದ್ದು ಅವಳಿಗೆ. 61 ಒಂದು ವಯಸ್ಸಾ ಅಕ್ಕ?

ಇನ್ನೊಂದು ವಿಷಯ. ಪತ್ರದಲ್ಲಿ ಮಳೆಗಾಲದ ಕಷ್ಟ ಹೇಳುವಾಗ ನಡುವೆ ಒಂದು ಸಾಲು ಬರೆದಿದ್ದೀರಿ. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಅಸ್ಸಾಂ ಕಡೆಯ ಬಾಣಂತಿಗೆ ದಿನಾ ಗಂಜಿ ಕೊಟ್ಟು ಬರುತ್ತೀರಂತೆ. ಅವಳ ಭಾಷೆ ನಿಮಗೆ ಬಾರದು, ನಿಮ್ಮದು ಅವಳಿಗೆ ಬಾರದು. ಆರಿದ್ರಾ ಮಳೆಯಲ್ಲೂ ನಿಲ್ಲಿಸಲಿಲ್ಲವಂತೆ. ಇದನ್ನು ನೀವು ಮಳೆಯ ಲೆಕ್ಕಕ್ಕೆ ಬರೆದಿದ್ದೀರಿ, ನಾನು ವಿಶ್ವಾಸದ ಲೆಕ್ಕಕ್ಕೆ ಓದಿದೆ. ಮಗನಿಗೆ ಬೆಳವಣಿಗೆ ಕಾಣಬೇಕಂತೆ. ಗಲಾತ್ಯರಿಗೆ ಬರೆದ ಅದೇ ಪತ್ರದ ಐದನೇ ಅಧ್ಯಾಯದಲ್ಲಿ ಪೌಲರು ಪವಿತ್ರಾತ್ಮರ ಫಲಗಳನ್ನು ಹೆಸರಿಸುತ್ತಾರೆ. ಪ್ರೀತಿ, ಆನಂದ, ಶಾಂತಿ, ತಾಳ್ಮೆ, ದಯೆ, ಒಳ್ಳೆಯತನ, ನಂಬಿಕಸ್ತಿಕೆ, ಸಾಧುತನ, ಸಂಯಮ. ಗಟ್ಟಿ ದನಿ ಆ ಪಟ್ಟಿಯಲ್ಲಿಲ್ಲ. ಗಂಡ ಇದ್ದಾಗ ನೀವು ಹಾಡುತ್ತಿದ್ದಿರಿ, ಚೆನ್ನಾಗಿಯೇ ಹಾಡುತ್ತಿದ್ದಿರಿ ಅಂತ ನಂಬುತ್ತೇನೆ. ಆಗ ಪರರಾಜ್ಯದ ಬಾಣಂತಿಯೊಬ್ಬಳ ಒಂಟಿತನ ನಿಮಗೆ ಇಷ್ಟು ಬೇಗ ತಿಳಿಯುತ್ತಿತ್ತಾ? ಉತ್ತರ ನೀವೇ ಹೇಳಿಕೊಳ್ಳಿ.

ಫಲ ಕಾಣಲಿಲ್ಲ ಅಂದಾಗೆಲ್ಲ ನನಗೆ ಅಬ್ಬೆ ದ್ಯುಬುವಾ ನೆನಪಾಗುತ್ತಾರೆ. 1792ರಲ್ಲಿ ಈ ದೇಶಕ್ಕೆ ಬಂದ ಫ್ರೆಂಚ್ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಓಡಾಡಿದರು. ಇಲ್ಲಿನವರ ಬಟ್ಟೆ ಉಟ್ಟು, ಇಲ್ಲಿನ ಊಟ ಉಂಡು ಬದುಕಿದರು. ಹಾಸನದ ಬಳಿ ಗತಿಯಿಲ್ಲದವರಿಗೆ ಬೇಸಾಯದ ಊರು ಕಟ್ಟಿಕೊಟ್ಟರು. ಸಿಡುಬು ಬಾರದಂತೆ ಲಸಿಕೆ ಹಾಕಿಸುವ ಕೆಲಸಕ್ಕೆ ಹಳ್ಳಿಹಳ್ಳಿ ತಿರುಗಿದರು. ಇಷ್ಟೆಲ್ಲ ಮಾಡಿ 1823ರಲ್ಲಿ ಫ್ರಾನ್ಸಿಗೆ ಮರಳುವಾಗ ಅವರ ಮನಸ್ಸು ಮುರಿದಿತ್ತು. ಈ ನೆಲದಲ್ಲಿ ಕ್ರೈಸ್ತ ವಿಶ್ವಾಸ ಬೇರು ಬಿಡುವುದು ಈಗಿನ ಸ್ಥಿತಿಯಲ್ಲಿ ಆಗದ ಮಾತು ಎಂಬರ್ಥದಲ್ಲಿ ಬರೆದರು. 1848ರಲ್ಲಿ ಅಲ್ಲೇ ತೀರಿಕೊಂಡರು. ಹಾಸನವೂ ಸೇರಿರುವ, ಒಬ್ಬ ಬಿಷಪರ ಕೆಳಗಿನ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿದ್ದು 1963ರಲ್ಲಿ. ಹಾಸನದ ಸುತ್ತಿನ ಹಳ್ಳಿಗಳಲ್ಲಿ ಇವತ್ತೂ ಕನ್ನಡದಲ್ಲಿ ಪೂಜೆ ನಡೆಯುತ್ತದೆ. ತಮ್ಮ ಕೆಲಸದ ಬೆಳೆ ಎಷ್ಟು ಎಂದು ತೂಗಿ ನೋಡಿದ ಆ ಹಿರಿಯರ ಲೆಕ್ಕ ತಪ್ಪಾಗಿತ್ತು. ಒಳ್ಳೆಯವರ ಲೆಕ್ಕವೂ ಹೀಗೆ ತಪ್ಪುತ್ತದೆ.

ಅದೇ ಹಾಸನದ ಶೆಟ್ಟಿಹಳ್ಳಿ ಚರ್ಚ್ ಎಲ್ಲರಿಗೂ ಗೊತ್ತು. 1860ರ ದಶಕದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ಮದುವೆ ಫೋಟೋ ತೆಗೆಸುವವರ ಸಾಲೇ ಅಲ್ಲಿ. ನನಗೆ ಕಾಡುವುದು ಆ ಗೋಡೆಗಳಿಗಿಂತ ಜಾಸ್ತಿ ಅಲ್ಲಿಂದ ಎದ್ದು ಹೋದ ಜನ. ಗದ್ದೆ, ಮನೆ, ಹಿರಿಯರ ಸಮಾಧಿ ಎಲ್ಲ ಬಿಟ್ಟು ಹೊಸ ಜಾಗದಲ್ಲಿ ಮೊದಲ ಭಾನುವಾರ ಅವರು ಹೇಗೆ ಪ್ರಾರ್ಥನೆ ಮಾಡಿದರು? ಅವರ ಕಥೆ ಕೇಳಲು ಯಾವ ಕ್ಯಾಮೆರಾವೂ ಹೋಗಲಿಲ್ಲ.

ಇದು ನನ್ನ ಹಳೆಯ ನೋವು, ನಿಮ್ಮ ಪತ್ರದ ನೆಪದಲ್ಲಿ ಹೇಳಿಬಿಡುತ್ತೇನೆ. ಕಣ್ಣಿಗೆ ಕಾಣುವುದನ್ನು ಮಾತ್ರ ಎಣಿಸುವ ಚಟ ನಮ್ಮೆಲ್ಲರಿಗೂ ಹತ್ತಿದೆ. ಬೆಂಗಳೂರಿನ ಕೂಟಗಳಿಗೆ ಮಾತ್ರವಲ್ಲ, ಮಲೆನಾಡಿನ ನಮ್ಮ ಚರ್ಚುಗಳಿಗೂ. ನಮ್ಮ ಪತ್ರಿಕೆಗೆ ಬರುವ ವರದಿಗಳು ಹೊಸ ಗೋಪುರದ್ದು, ಹೊಸ ಸಭಾಂಗಣದ್ದು, ಜುಬಿಲಿಯದ್ದು. ಮೊದಲೆಲ್ಲ ಫಾದರ್ ಸಂಜೆ ಹೊತ್ತು ಮನೆಮನೆಗೆ ಬರುತ್ತಿದ್ದರು. ಕಾಫಿ ಕುಡಿದು, ಹಟ್ಟಿಯ ಕರು ನೋಡಿ, ಹೋಗುವಾಗ ಒಂದು ಆಶೀರ್ವಾದ ಕೊಡುತ್ತಿದ್ದರು. ಈಗ ಒಬ್ಬ ಗುರುವಿನ ತಲೆ ಮೇಲೆ ಶಾಲೆ, ಕಟ್ಟಡ, ಲೆಕ್ಕಪತ್ರ. ಅವರನ್ನು ಮಾತ್ರ ದೂರುವುದು ಸರಿಯಲ್ಲ. ನಾವೂ ಅಷ್ಟೇ. ಮಕ್ಕಳೆಲ್ಲ ಊರು ಬಿಟ್ಟ ಮೇಲೆ ನಮ್ಮ ಬೆಂಚುಗಳಲ್ಲಿ ಉಳಿದವರು ನಿಮ್ಮಂಥವರೇ. ಪೂಜೆ ಮುಗಿದ ಮೇಲೆ ಹಿಂದಿನ ಬೆಂಚಿನವರನ್ನು ಯಾರು ಮಾತಾಡಿಸುತ್ತಾರೆ?

ಇನ್ನು ಸಾವಿನ ಮನೆ. ಹೆಣ ಎತ್ತುವ ಮೊದಲೇ ಬಂದು "ಅಳಬಾರದು, ಅವರು ಸ್ವರ್ಗದಲ್ಲಿದ್ದಾರೆ, ಅತ್ತರೆ ವಿಶ್ವಾಸ ಕಡಿಮೆ ಅಂತ ಅರ್ಥ" ಎನ್ನುವವರನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿದಿದೆ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಸ್ವಾಮಿ ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತರು. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಮೊದಲು ಏಳು ದಿನ, ಏಳು ರಾತ್ರಿ ಒಂದೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಬುದ್ಧಿ ಹೇಳಲು ಶುರು ಮಾಡಿದರು, ಕೊನೆಗೆ ದೇವರ ಹತ್ತಿರವೇ ಬೈಸಿಕೊಂಡರು. ಪ್ರತಿ ಚರ್ಚಿನಲ್ಲೂ ಸುಮ್ಮನೆ ಜೊತೆಗೆ ಕೂರಬಲ್ಲ ನಾಲ್ಕು ಜನ ಬೇಕು. ಹಾಡುವ ಮಂಡಳಿ ಇದೆ, ಯುವಕರ ಸಂಘ ಇದೆ, ಇದು ಯಾಕೆ ಇಲ್ಲ?

ಹಾಡಿನ ಮಂಡಳಿಗೆ ಮತ್ತೆ ಹೋಗಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ದನಿ ಬಂದ ದಿನ ಹಾಡಿ. ಬಾರದಿದ್ದರೆ ಪಕ್ಕದವರು ಹಾಡಿದ್ದು ನಿಮ್ಮದೂ ಆಗುತ್ತದೆ. ಸಭೆ ಇರುವುದೇ ಅದಕ್ಕೆ.

ಪತ್ರದ ಕೊನೆಯಲ್ಲಿ ಇನ್ನೊಂದು ಕೇಳಿದ್ದೀರಿ. ಯಜಮಾನರ ಹೆಸರಲ್ಲಿ ಪೂಜೆ ಹೇಳಿಸಬೇಕು ಅಂತ ಆಸೆ, ಮಗ ಅದೆಲ್ಲ ಯಾಕೆ ಅಂತಾನೆ, ಏನು ಮಾಡಲಿ ಎಂದು. ಹೇಳಿಸಿ. ನವೆಂಬರ್ 2 ಸಕಲ ಮೃತರ ದಿನ, ಅವತ್ತೇ ಹೇಳಿಸಿ. ಅಷ್ಟರಲ್ಲಿ ಅರೇಬಿಕಾ ಕೊಯ್ಲು ಶುರುವಾಗಿರುತ್ತದೆ, ಆಳು ಸಿಗುವುದಿಲ್ಲ ಎಂದು ಮುಂದಕ್ಕೆ ಹಾಕಬೇಡಿ. ಒಂದು ದಿನ ಹಣ್ಣು ಗಿಡದಲ್ಲೇ ಇದ್ದರೆ ಏನೂ ಆಗುವುದಿಲ್ಲ. ಮಗನಿಗೆ ಇವತ್ತೇ ಫೋನ್ ಮಾಡಿ, ಈಗಲೇ ರಜೆ ಕೇಳಿಡು ಅನ್ನಿ. ಬಂದವನನ್ನು ನಿಮ್ಮ ಬೆಂಚಿನಲ್ಲೇ ಕೂರಿಸಿಕೊಳ್ಳಿ. ವಾದ ಮಾಡಬೇಡಿ. ಪೂಜೆ ಮುಗಿದ ಮೇಲೆ ಗಂಜಿಯ ಪಾತ್ರೆ ಅವನ ಕೈಗೆ ಕೊಟ್ಟು ಲೈನ್ ಮನೆಗೆ ಕಳಿಸಿ.