ಸ್ವೀಡನ್‌ನ ದೊಡ್ಡ ಉದ್ಯಮಿಗಳು ಯೂರೋ ಬೇಕು ಅಂದರೂ ಜನ ಯಾಕೆ ಬೇಡ ಅಂದರು?

ನಾನು ಗೋಥೆನ್‌ಬರ್ಗ್‌ನಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಂಪನಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ನೀವು ಕೇಳಿದ ಪ್ರಶ್ನೆ ನನಗೆ ದಿನಾ ಎದುರಾಗುವಂಥದ್ದು.

ಬ್ಯಾಂಕ್ ಕಮಿಷನ್ ಉಳಿಸೋಕೆ ಉದ್ಯಮಿಗಳು ಯೂರೋ ಕೇಳುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಚಿಲ್ಲರೆ ಲೆಕ್ಕ. ನಿಜವಾದ ತಲೆನೋವು ಬೇರೆ. ಜರ್ಮನಿಯ ಗಿರಾಕಿಗೆ ಮಾರ್ಚ್‌ನಲ್ಲಿ ಯೂರೋದಲ್ಲಿ ಕೊಟೇಶನ್ ಕೊಡುತ್ತೇವೆ. ಮಾಲು ಮೇ ತಿಂಗಳಲ್ಲಿ ಹೋಗುತ್ತದೆ, ದುಡ್ಡು ಬರೋದು ಆಗಸ್ಟ್‌ಗೆ. ಸಂಬಳ ಮಾತ್ರ ಪ್ರತಿ ತಿಂಗಳು 25ಕ್ಕೆ ಸ್ವೀಡನ್‌ನ ಹಣವಾದ ಕ್ರೋನಾದಲ್ಲೇ ಕೊಡಬೇಕು. ಒಂದು ಲಕ್ಷ ಯೂರೋ ಬಿಲ್ ಅಂದುಕೊಳ್ಳಿ. ಕೊಟೇಶನ್ ದಿನ ಯೂರೋಗೆ 11.50 ಕ್ರೋನಾ ಇದ್ದದ್ದು ದುಡ್ಡು ಬರುವಾಗ 11 ಆದರೆ 50 ಸಾವಿರ ಕ್ರೋನಾ ಹೋಯಿತು. ನಾವು ಯಾವ ತಪ್ಪೂ ಮಾಡಿರುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಮುಂಗಡವಾಗಿ ದರ ಕಟ್ಟಿಹಾಕೋಕೆ ಬೇರೆ ವಿಭಾಗವೇ ಇರುತ್ತದೆ. ನಮ್ಮಲ್ಲಿ ಅದಕ್ಕೂ ನಾನೊಬ್ಬಳೇ.

ಇನ್ನು ಜನರ ಮಾತು. ಯೂರೋ ಬೇಕೋ ಬೇಡವೋ ಅಂತ 2003ರ ಸೆಪ್ಟೆಂಬರ್ 14ರಂದು ನಡೆದ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ 55.9% ಜನ ಬೇಡ ಅಂದರು. ಯೂರೋ ಪರ ಓಡಾಡುತ್ತಿದ್ದ ವಿದೇಶಾಂಗ ಸಚಿವೆ ಅನ್ನಾ ಲಿಂಡ್ ಅವರನ್ನು ಅದಕ್ಕೆ ನಾಲ್ಕೇ ದಿನ ಮೊದಲು ಅಂಗಡಿಯೊಂದರಲ್ಲಿ ಇರಿದಿದ್ದರು, ಮರುದಿನ ಅವರು ತೀರಿಕೊಂಡರು. ಅಂಥ ದುಃಖದಲ್ಲೂ ಜನ ಮನಸ್ಸು ಬದಲಿಸಲಿಲ್ಲ.

ಯಾಕೆ ಅಂದರೆ 1992ರ ನೆನಪು ಇತ್ತು. ಆಗ ಕ್ರೋನಾದ ದರವನ್ನು ಗಟ್ಟಿಯಾಗಿ ಹಿಡಿದಿಡಲು ಇಲ್ಲಿನ ಕೇಂದ್ರ ಬ್ಯಾಂಕ್ ಬಡ್ಡಿಯನ್ನು 500%ಕ್ಕೆ ಏರಿಸಿತ್ತು. ಆಗಲಿಲ್ಲ. ನವೆಂಬರ್ 19ರಂದು ಕೈಬಿಟ್ಟಿತು. ಕ್ರೋನಾ ಬಿತ್ತು, ಆದರೆ ರಫ್ತು ಚಿಗುರಿತು. ಮತದಾನದ ನಂತರ, 2008-09ರ ಜಾಗತಿಕ ಹಣಕಾಸು ಬಿಕ್ಕಟ್ಟಿನಲ್ಲೂ ಹಾಗೇ ಆಯಿತು. ಕ್ರೋನಾ ಇಳಿದದ್ದರಿಂದ ಇಲ್ಲಿನ ಮರ, ಕಾಗದ ಹೊರಗಿನವರಿಗೆ ಅಗ್ಗವಾಯಿತು. ಪಕ್ಕದ ಫಿನ್‌ಲ್ಯಾಂಡ್ ಕೂಡ ಕಾಗದ ಮಾರುವ ದೇಶವೇ, ಆದರೆ ಯೂರೋದಲ್ಲಿದ್ದ ಅವರಿಗೆ ಆ ದಾರಿ ಇರಲಿಲ್ಲ.

ನನ್ನನ್ನು ಕೇಳಿದರೆ ಸೇರುವುದೇ ವಾಸಿ. ಕ್ರೋನಾ ಇಳಿದಾಗ ಸಿಗುವ ಲಾಭ ಜಾಸ್ತಿ ದಿನ ಉಳಿಯಲ್ಲ, ನಾವು ಹೊರಗಿಂದ ತರಿಸುವ ಉಕ್ಕಿನ ಬೆಲೆಯೂ ಏರುತ್ತದಲ್ವಾ? ಆದರೆ ನಮ್ಮ ಕಟ್ಟಡದ ಕೆಳಗೆ ಸಲೂನ್ ಇಟ್ಟುಕೊಂಡವರ ಆದಾಯ, ಬಾಡಿಗೆ, ಸಾಲ ಎಲ್ಲ ಕ್ರೋನಾದಲ್ಲೇ. ಅವರಿಗೆ ಯೂರೋದಿಂದ ಸಿಗೋದು ಕಮ್ಮಿ. ಅವರು ಬೇಡ ಅಂದರೆ ತಪ್ಪು ಅನ್ನಲಾರೆ. ಉದ್ಯಮಿಗಳು ಅಂದಾಗ ಟಿವಿಯಲ್ಲಿ ಕಾಣೋದು ದೊಡ್ಡ ರಫ್ತು ಕಂಪನಿಯವರೇ, ಸಲೂನಿನವರಂಥ ಸಣ್ಣವರ ಮಾತು ಯಾರೂ ಕೇಳಲ್ಲ.

ಡೆನ್ಮಾರ್ಕ್ ಹಿಡಿದದ್ದು ಮೂರನೇ ದಾರಿ. 2000ದಲ್ಲಿ ಜನ ಬೇಡ ಅಂದರೂ ತಮ್ಮ ಕ್ರೋನೆಯನ್ನು ಯೂರೋಗೆ ಸುಮಾರು 7.46ರಂತೆ ಕಟ್ಟಿಟ್ಟಿದ್ದಾರೆ. ಅಲ್ಲಿನ ನಮ್ಮ ಗಿರಾಕಿಯ ಲೆಕ್ಕದವರಿಗೆ ಯೂರೋ ದರದ ಚಿಂತೆಯೇ ಇಲ್ಲ. ಬದಲಿಗೆ ಫ್ರಾಂಕ್‌ಫರ್ಟ್‌ನಲ್ಲಿರುವ ಯೂರೋದ ಕೇಂದ್ರ ಬ್ಯಾಂಕ್ ಬಡ್ಡಿ ಬದಲಿಸಿದರೆ ಡೆನ್ಮಾರ್ಕ್‌ನವರೂ ಸಾಮಾನ್ಯವಾಗಿ ಬದಲಿಸಬೇಕು. ಆ ತೀರ್ಮಾನದಲ್ಲಿ ಮತ ಹಾಕುವ ಹಕ್ಕು ಮಾತ್ರ ಅವರಿಗಿಲ್ಲ.