ರಾತ್ರಿಯೆಲ್ಲಾ ಹಲ್ಲುನೋವು, ಕೈಲಿ ದುಡ್ಡಿಲ್ಲ: ಡೆಂಟಿಸ್ಟ್ ಹತ್ರ ಹೋಗೋವರೆಗೆ ಏನ್ ಮಾಡ್ಲಿ?

ಪ್ರಶ್ನೆ: ಡಾಕ್ಟ್ರೇ, ಬಲಗಡೆ ಕೆಳಗಿನ ದವಡೆ ಹಲ್ಲು ಮೂರು ವಾರದಿಂದ ಜೀವ ಹಿಂಡ್ತಾ ಇದೆ. ಹಗಲು ಹೆಂಗೋ ತಡ್ಕೊಂಡು ಕೆಲಸ ಮಾಡ್ತೀನಿ, ರಾತ್ರಿ ಮಲಗಿದ ತಕ್ಷಣ ಶುರು ಆಗುತ್ತೆ, ಕಿವಿವರೆಗೂ ಸಿಡಿತ. ಒಂದು ಕ್ಲಿನಿಕ್‌ಗೆ ಹೋಗಿದ್ದೆ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕ್ಬೇಕು ಅಂದ್ರು, ಅವರು ಹೇಳಿದ ಮೊತ್ತ ಕೇಳಿ ಏನೂ ಮಾತಾಡ್ದೆ ಎದ್ದು ಬಂದೆ. ಅಣ್ಣನಿಗೆ ಯಾವಾಗ್ಲೋ ಕೊಟ್ಟಿದ್ದ ಆಂಟಿಬಯೋಟಿಕ್ ನಾಲ್ಕು ಉಳಿದಿತ್ತು, ಅದನ್ನ ನುಂಗಿದೆ, ಎರಡು ದಿನ ಕಮ್ಮಿ ಆದಂಗಾಯ್ತು, ಮತ್ತೆ ಬಂತು. ದುಡ್ಡು ಹೊಂದಿಸೋಕೆ ಇನ್ನೂ ಎರಡು ಮೂರು ತಿಂಗಳು ಬೇಕು. ಅಲ್ಲಿವರೆಗೆ ಮನೇಲೇ ಹೆಂಗಾದ್ರೂ ತಳ್ಳಬಹುದಾ?

ಉತ್ತರ: "ಏನೂ ಮಾತಾಡ್ದೆ ಎದ್ದು ಬಂದೆ" ಅಂತ ಬರೆದಿದ್ದೀರಲ್ಲ, ಆ ಒಂದು ಸಾಲು ನನ್ನ ಮನಸ್ಸಿಂದ ಹೋಗ್ತಾ ಇಲ್ಲ. ಹಂಗೆ ಎದ್ದು ಹೋದವರು ಎಷ್ಟೋ ಜನ ಆರು ತಿಂಗಳು ಬಿಟ್ಟು ಮುಖ ಊದಿಸ್ಕೊಂಡು ವಾಪಸ್ ಬಂದಿದ್ದನ್ನ ನಾನು ನೋಡಿದ್ದೀನಿ. ನೀವು ಒಬ್ಬರೇ ಅಲ್ಲ, ಹುಳುಕು ಹಿಡಿದ ಹಲ್ಲಿಗೆ ಚಿಕಿತ್ಸೆ ಸಿಗದೇ ಇರೋರು ಜಗತ್ತಲ್ಲಿ ಸುಮಾರು 200 ಕೋಟಿ ಜನ ಇದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ 2022ರ ವರದಿಯಲ್ಲಿ ಹೇಳಿದೆ. ದುಡ್ಡಿಲ್ಲ ಅನ್ನೋದು ನಾಚಿಕೆ ಪಡೋ ವಿಷಯ ಅಲ್ವೇ ಅಲ್ಲ, ಅದನ್ನ ಡಾಕ್ಟರ್ ಮುಂದೆ ಬಾಯಿಬಿಟ್ಟು ಹೇಳಿದ್ರೆನೇ ದಾರಿ ತೆರೆಯೋದು, ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ಕೆಲಸ ಮಾಡಿ, ಕನ್ನಡಿ ಮುಂದೆ ನಿಂತ್ಕೊಳ್ಳಿ. ಕೆನ್ನೆ, ದವಡೆ ಕೆಳಗೆ, ಕತ್ತಲ್ಲಿ ಊತ ಇದೆಯಾ? ಬಾಯಿ ಎರಡು ಬೆರಳಷ್ಟೂ ತೆಗೆಯೋಕೆ ಆಗ್ತಿಲ್ವಾ? ನಾಲಿಗೆ ಕೆಳಗೆ ದಪ್ಪ ಆಗಿ ನಾಲಿಗೆನೇ ಮೇಲಕ್ಕೆ ಎತ್ತಿದಂಗೆ ಅನ್ಸುತ್ತಾ, ಎಂಜಲು ನುಂಗೋಕೆ ಕಷ್ಟನಾ, ಜ್ವರ ಚಳಿ ಇದೆಯಾ, ಕಣ್ಣಿನ ಸುತ್ತ ಊದಿದೆಯಾ, ಉಸಿರಾಡೋಕೆ ತೊಂದ್ರೆ ಆಗ್ತಿದೆಯಾ? ಇದ್ರಲ್ಲಿ ಒಂದು ಇದ್ರೂ ಇದನ್ನ ಮುಂದೆ ಓದಬೇಡಿ, ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಈಗಲೇ ಹೋಗಿ. ಕೆಳಗಿನ ದವಡೆ ಹಲ್ಲಿನ ಕೀವು ನಾಲಿಗೆ ಕೆಳಗಿಂದ ಕತ್ತಿಗೆ ಇಳಿದ್ರೆ ಉಸಿರಿನ ದಾರಿನೇ ಮುಚ್ಚುತ್ತೆ, ಲುಡ್‌ವಿಗ್ಸ್ ಆಂಜೈನಾ ಅಂತಾರೆ ಅದಕ್ಕೆ, ಹಲ್ಲುನೋವಿಂದ ಜೀವ ಹೋಗೋದು ಇಂಥ ಕಡೆನೇ. ಹಂಗೇ ಇನ್ನೊಂದು ಮಾತು, ಮೆಟ್ಟಿಲು ಹತ್ತಿದಾಗ, ಭಾರ ಎತ್ತಿದಾಗ ಮಾತ್ರ ದವಡೆ ನೋವು ಬಂದು ಕೂತ್ರೆ ಹೋಗುತ್ತೆ ಅಂತಿದ್ರೆ ಅದು ಹಲ್ಲಿಂದಲ್ಲ, ಹೃದಯದ್ದು ಇರಬಹುದು, ತಡ ಮಾಡಬೇಡಿ.

ಅಂಥದ್ದೇನೂ ಇಲ್ಲ ಅಂದ್ಕೊಂಡು ನಿಮ್ಮ ಹಲ್ಲಿನ ವಿಷಯಕ್ಕೆ ಬರೋಣ. ಹುಳುಕು ಅಂತೀವಿ, ಆದ್ರೆ ಒಳಗೆ ಹುಳ ಗಿಳ ಏನೂ ಇಲ್ಲ, ಬ್ಯಾಕ್ಟೀರಿಯಾ ಮಾಡೋ ಆಮ್ಲ ಹಲ್ಲನ್ನ ಕರಗಿಸ್ತಾ ಕರಗಿಸ್ತಾ ನರದ ಕೋಣೆವರೆಗೂ ಹೋಗಿದೆ. ಆ ಕೋಣೆ ಸುತ್ತ ಗಟ್ಟಿ ಗೋಡೆ, ಒಳಗಿನ ನರ ಊದಿಕೊಂಡ್ರೆ ಹಿಗ್ಗೋಕೆ ಜಾಗ ಇಲ್ಲ, ಅದಕ್ಕೇ ಅಷ್ಟು ಸಿಡಿತ. ಮಲಗಿದಾಗ ತಲೆ ಕಡೆ ರಕ್ತದ ಒತ್ತಡ ಜಾಸ್ತಿ ಆಗುತ್ತೆ, ಅದಕ್ಕೇ ರಾತ್ರಿ ಶುರು ಆಗೋದು. ತಣ್ಣೀರು ತಾಕಿದಾಗ ಜುಮ್ ಅಂದು ಎರಡು ಮೂರು ಸೆಕೆಂಡಲ್ಲಿ ಹೋಗುತ್ತೆ ಅಂದ್ರೆ ನರ ಇನ್ನೂ ಚೇತರಿಸ್ಕೊಳ್ಳಬಹುದು, ನಿಮ್ಮ ಥರ ತಾನಾಗೇ ಬಂದು ನಿಮಿಷಗಟ್ಟಲೆ ನಿಲ್ಲೋ ನೋವು ಅಂದ್ರೆ ಆ ಹಂತ ದಾಟಿದೆ ಅಂತಲೇ ಲೆಕ್ಕ.

ಆಂಟಿಬಯೋಟಿಕ್ ಯಾಕೆ ಕೆಲಸ ಮಾಡ್ಲಿಲ್ಲ ಅನ್ನೋದೂ ಇದ್ರಲ್ಲೇ ಇದೆ. ಅದು ನೋವಿನ ಮಾತ್ರೆ ಅಲ್ಲ, ಸಾಯ್ತಾ ಇರೋ ನರದೊಳಗೆ ರಕ್ತ ಓಡಾಡೋದೇ ಕಮ್ಮಿ ಆಗಿರೋವಾಗ ಔಷಧಿ ಅಲ್ಲಿಗೆ ಸರಿಯಾಗಿ ತಲುಪೋದೂ ಇಲ್ಲ. ಊತ ಜ್ವರ ಇಲ್ಲದ ಬರೀ ಹಲ್ಲುನೋವಿಗೆ ಆಂಟಿಬಯೋಟಿಕ್ ಬೇಡ ಅಂತ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಇನ್ನೊಬ್ಬರಿಗೆ ಕೊಟ್ಟು ಉಳಿದ ನಾಲ್ಕು ಮಾತ್ರೆ ನುಂಗೋದು ಅಂತೂ ದಯವಿಟ್ಟು ಮತ್ತೆ ಮಾಡಬೇಡಿ.

ನೋವಿಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡೋದು ಸಾಮಾನ್ಯ ಮಾತ್ರೆಗಳೇ. ದೊಡ್ಡವರಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ, ಅದರ ಜೊತೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ ಮೇಲೆ, ಎಂಟು ಗಂಟೆಗೊಂದ್ಸಲ. ಎರಡೂ ಬೇರೆ ಬೇರೆ ದಾರೀಲಿ ಕೆಲಸ ಮಾಡೋದ್ರಿಂದ ಒಟ್ಟಿಗೆ ತಗೊಂಡ್ರೆ ಒಂದೊಂದೇ ತಗೊಳ್ಳೋದಕ್ಕಿಂತ ಜಾಸ್ತಿ ಆರಾಮ ಸಿಗುತ್ತೆ. ಡಾಕ್ಟರ್ ಹೇಳದೆ ದಿನಕ್ಕೆ ಐಬುಪ್ರೊಫೆನ್ 1200 ಮಿಲಿಗ್ರಾಂ ದಾಟಬಾರದು. ಪ್ಯಾರಾಸಿಟಮಾಲ್ ಯಾವ ಲೆಕ್ಕದಲ್ಲೂ ದಿನಕ್ಕೆ 4000 ದಾಟಬಾರದು, ಶೀತದ ಮಾತ್ರೆ ಒಳಗೂ ಅದೇ ಇರುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಲಿವರ್ ತೊಂದ್ರೆ ಇರೋರು, ದಿನಾ ಕುಡಿಯೋರು ಇನ್ನೂ ಕಮ್ಮಿಗೆ ನಿಲ್ಲಿಸಬೇಕು, ಡಾಕ್ಟರ್ನ ಕೇಳಿ. ಕಿಡ್ನಿ ತೊಂದ್ರೆ, ಹೊಟ್ಟೆ ಹುಣ್ಣು, ಹಾರ್ಟ್ ಸಮಸ್ಯೆ ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಈ ಥರ ಮಾತ್ರೆಯಿಂದ ಹಿಂದೆ ಆಸ್ತಮಾ ಜಾಸ್ತಿ ಆದವರು, ಗರ್ಭಿಣಿಯರು, ಡೆಂಗಿ ಅನುಮಾನ ಇರೋರು ಐಬುಪ್ರೊಫೆನ್ ಮುಟ್ಟಬೇಡಿ. ಐಬುಪ್ರೊಫೆನ್ ತಗೊಂಡ ಮೇಲೆ ಡೈಕ್ಲೋಫೆನಾಕೂ ಒಂದು ಇರ್ಲಿ ಅಂತ ಸೇರಿಸ್ಕೊಳ್ಳೋರು ಇದಾರೆ, ಎರಡೂ ಒಂದೇ ಜಾತಿ, ನೋವು ಅಷ್ಟೇನೂ ಇಳಿಯಲ್ಲ, ಹೊಟ್ಟೆ ಕಿಡ್ನಿಗೆ ಮಾತ್ರ ಪೆಟ್ಟು.

ರಾತ್ರಿ ಎರಡು ದಿಂಬು ಇಟ್ಕೊಂಡು ತಲೆ ಎತ್ತರ ಮಾಡಿ ಮಲಗಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ, ತೂತಲ್ಲಿ ಸಿಕ್ಕ ಊಟದ ಚೂರು ಹೋದ್ರೆ ಸ್ವಲ್ಪ ಆರಾಮ ಸಿಗಬಹುದು. ಹೊರಗಿಂದ ಕೆನ್ನೆಗೆ ಬಟ್ಟೇಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಿ, ಬಿಸಿ ಶಾಖ ಬೇಡ. ಲವಂಗದೆಣ್ಣೆ ಹಾಕೋದಾದ್ರೆ ಹತ್ತಿ ತುದೀಲಿ ಒಂದೇ ಹನಿ, ತೂತೊಳಗೆ ಮಾತ್ರ, ಒಸಡಿಗೆ ಸುರಿದ್ರೆ ಅದೇ ಸುಡುತ್ತೆ. ಒಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಟ್ಕೊಂಡು ಮಲಗಿದ್ದ ಒಬ್ಬ ಹುಡುಗ ನನ್ನ ಹತ್ರ ಬಂದಿದ್ದ, ಕೆನ್ನೆ ಸರಿಸಿ ನೋಡಿದ್ರೆ ಹಲ್ಲಿನ ಪಕ್ಕ ಚರ್ಮ ಬೆಳ್ಳಗೆ ಕೆನೆ ಕಟ್ಟಿದಂಗೆ ಸುಟ್ಟು ಎದ್ದಿತ್ತು, ಹಲ್ಲುನೋವು ಇದ್ದಂಗೇ ಇತ್ತು, ಮೇಲೆ ಸುಟ್ಟ ನೋವು ಬೇರೆ. ಮಾತ್ರೆ ನುಂಗೋಕೆ ಇರೋದು, ಒಸಡಿಗೆ ಇಡೋಕಲ್ಲ. ತಂಬಾಕು, ಮದ್ಯ, ಪೆಟ್ರೋಲು ಇಂಥವನ್ನೂ ತೂತಿಗೆ ತುಂಬಬೇಡಿ.

ಈಗ ನಿಮ್ಮ ಅಸಲಿ ಪ್ರಶ್ನೆ, ಎರಡು ಮೂರು ತಿಂಗಳು ತಳ್ಳಬಹುದಾ. ಬೇಡ. ಮೇಲೆ ಹೇಳಿದ್ದೆಲ್ಲಾ ಕೆಲವು ದಿನಕ್ಕೆ, ಆ ದಿನಗಳನ್ನ ಡಾಕ್ಟರ್ ಹುಡುಕೋಕೆ ಬಳಸಿ. ಮಧ್ಯದಲ್ಲಿ ಒಂದು ದಿನ ನೋವು ಇದ್ದಕ್ಕಿದ್ದಂಗೆ ಮಾಯ ಆಗಬಹುದು, ಆಗ ವಾಸಿ ಆಯ್ತು ಅಂತ ಖುಷಿ ಪಡಬೇಡಿ, ನರ ಸತ್ತಿರುತ್ತೆ ಅಷ್ಟೇ, ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳೀತಾ ಇರುತ್ತೆ.

ನಿಮಗೆ ಹೇಳಿದ ಮೊತ್ತ ಪೂರ್ತಿ ರೂಟ್ ಕೆನಾಲ್, ಕ್ಯಾಪ್ ಎಲ್ಲಾ ಸೇರಿಸಿ ಇರುತ್ತೆ. ಆದ್ರೆ ನೋವು ನಿಲ್ಲಿಸೋಕೆ ಇವತ್ತು ಅಷ್ಟೂ ಬೇಕಾಗಿಲ್ಲ! ಹೋಗಿ ಹಿಂಗೆ ಕೇಳಿ: "ಡಾಕ್ಟ್ರೇ, ಪೂರ್ತಿ ಮಾಡಿಸೋಕೆ ಈಗ ನನ್ನ ಕೈಲಾಗಲ್ಲ, ಇವತ್ತು ನೋವು ಹೋಗೋಕೆ ಎಷ್ಟು ಮಾಡಬೇಕೋ ಅಷ್ಟು ಮಾಡಿ, ಅದಕ್ಕೆ ಮಾತ್ರ ಎಷ್ಟಾಗುತ್ತೆ ಹೇಳಿ". ಮರಗಟ್ಟೋ ಇಂಜೆಕ್ಷನ್ ಕೊಟ್ಟು ಹಲ್ಲು ಓಪನ್ ಮಾಡಿ, ಕೊಳೆತ ನರ ತೆಗೆದು, ಟೆಂಪರರಿ ಫಿಲ್ಲಿಂಗ್ ಹಾಕಿ ಕಳಿಸಬಹುದು, ಒಂದೇ ಸಿಟ್ಟಿಂಗ್ ಕೆಲಸ. ಕೆಲವು ಹಲ್ಲಲ್ಲಿ ನರದ ಕೋಣೆ ತೆರೆದ ಕ್ಷಣಕ್ಕೇ ಒಂದು ಹನಿ ಕೀವು ರಕ್ತ ಉಕ್ಕಿ ಬರುತ್ತೆ, ಕುರ್ಚಿ ಕೈ ಬಿಗಿಯಾಗಿ ಹಿಡಿದಿದ್ದ ಬೆರಳುಗಳು ತಾವಾಗೇ ಸಡಿಲ ಆಗುತ್ತೆ. ನಾಲ್ಕು ರಾತ್ರಿ ನಿದ್ದೆ ಇಲ್ಲದ ಒಬ್ಬ ಅಜ್ಜಿ ಅದೇ ಕುರ್ಚೀಲಿ ಹಂಗೇ ನಿದ್ದೆ ಹೋಗಿಬಿಟ್ರು, ನಾವು ಎಬ್ಬಿಸಲಿಲ್ಲ. ಆ ಟೆಂಪರರಿ ಫಿಲ್ಲಿಂಗ್ ವಾರಗಳ ಲೆಕ್ಕದ್ದು, ವರ್ಷದ್ದಲ್ಲ, ಮುಂದಿನ ಕಂತು ಯಾವಾಗ ಅಂತ ಅವತ್ತೇ ಮಾತಾಡ್ಕೊಳ್ಳಿ.

ಅದೂ ಆಗಲ್ಲ ಅಂದ್ರೆ ಕೀಳಿಸಿ. ಡೆಂಟಿಸ್ಟ್ ಆಗಿ ಹಲ್ಲು ಉಳಿಸಿ ಅನ್ನೋದೇ ನನ್ನ ಮೊದಲ ಮಾತು, ಕಿತ್ತ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತೆ, ಅಗಿಯೋದು ಒಂದು ಕಡೆ ಕಮ್ಮಿ ಆಗುತ್ತೆ, ಅದೆಲ್ಲ ನಿಜ, ಆದ್ರೆ ಸೋಂಕಿರೋ ಹಲ್ಲನ್ನ ಬಾಯಲ್ಲಿ ಇಟ್ಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗೋದಕ್ಕಿಂತ ಕೀಳಿಸೋದು ಎಷ್ಟೋ ಮೇಲು. ಊದಿರೋ ಕೆಳ ದವಡೆ ಹಲ್ಲಿಗೆ ಕೆಲವು ಸಲ ಮೊದಲ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ, ನೋವಾದ್ರೆ ಕೈ ಎತ್ತಿ ಹೇಳಿ, ಇನ್ನೊಂದು ಕೊಡ್ತಾರೆ, ಹಲ್ಲುಕಚ್ಚಿ ಸಹಿಸ್ಕೋಬೇಕಾಗಿಲ್ಲ.

ಎಲ್ಲಿ ಹೋಗೋದು ಅಂದ್ರೆ, ಹತ್ರದಲ್ಲಿ ಡೆಂಟಲ್ ಕಾಲೇಜ್ ಇದ್ರೆ ಮೊದಲು ಅಲ್ಲಿಗೇ ಹೋಗಿ. ವಿದ್ಯಾರ್ಥಿಗಳು ಮಾಡ್ತಾರೆ ಅಂತ ಜನ ಹೆದರ್ತಾರೆ, ಆದ್ರೆ ಪಕ್ಕದಲ್ಲಿ ಪ್ರೊಫೆಸರ್ ನಿಂತು ಒಂದೊಂದು ಹಂತನೂ ನೋಡಿ ಸರಿ ಅಂದ ಮೇಲೇ ಮುಂದಿನದು. ಟೈಮ್ ಜಾಸ್ತಿ ಹಿಡಿಯುತ್ತೆ, ಖರ್ಚು ಖಾಸಗಿ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಕಮ್ಮಿ. ಸರ್ಕಾರಿ ಆಸ್ಪತ್ರೆಗಳಲ್ಲೂ ಡೆಂಟಲ್ ವಿಭಾಗ ಇದೆಯಾ ಕೇಳಿ, ಇದ್ದ ಕಡೆ ಕೀಳೋದು ಸಾಮಾನ್ಯವಾಗಿ ಅಲ್ಲೇ ಆಗುತ್ತೆ.

ಪ್ರಶ್ನೆ: ಸಾರ್, ನನ್ನ ಒಂದು ಫಿಲ್ಲಿಂಗ್ ಬಿದ್ದು ಎರಡು ತಿಂಗಳಾಯ್ತು. ನೋವಿಲ್ಲ, ತಣ್ಣೀರಿಗೆ ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ. ಸದ್ಯ ದುಡ್ಡಿಲ್ಲ, ನೋವು ಬಂದಾಗ ನೋಡ್ಕೊಳ್ಳೋಣ ಅಂದ್ಕೊಂಡಿದೀನಿ, ಸರಿನಾ?

ಉತ್ತರ: ದಯವಿಟ್ಟು ಹಂಗೆ ಮಾಡಬೇಡಿ! ಮೇಲಿನವರ ಹಲ್ಲೂ ಒಂದು ಕಾಲಕ್ಕೆ ನಿಮ್ಮ ಹಲ್ಲಿನ ಥರಾನೇ ಇತ್ತು. ಈಗ ಹೋದ್ರೆ ಸಣ್ಣ ಫಿಲ್ಲಿಂಗಲ್ಲಿ ಮುಗಿಯೋ ಸಾಧ್ಯತೆ ಜಾಸ್ತಿ, ನೋವು ಬರೋವರೆಗೆ ಕಾದ್ರೆ ಖರ್ಚು ಎಷ್ಟೋ ಪಟ್ಟು ಆಗುತ್ತೆ. ಗ್ಲಾಸ್ ಐಯೊನೋಮರ್ (ಹಲ್ಲಿಗೆ ತಾನೇ ಅಂಟ್ಕೊಳ್ಳೋ ಒಂಥರ ಸಿಮೆಂಟ್) ಫಿಲ್ಲಿಂಗ್ ಆಗುತ್ತಾ ಅಂತ ಕೇಳಿ, ಎಷ್ಟೋ ಕೇಸಲ್ಲಿ ಡ್ರಿಲ್ ಇಲ್ಲದೆ ಕೈ ಉಪಕರಣದಲ್ಲೇ ಕೆರೆದು ಹಾಕಬಹುದು, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ, ಫ್ಲೋರೈಡ್ ಪೇಸ್ಟ್ ಜೊತೆಗೇ. ಅಲ್ಲಿವರೆಗೆ ಮೆಡಿಕಲ್ ಶಾಪಲ್ಲಿ ಟೆಂಪರರಿ ಫಿಲ್ಲಿಂಗ್ ಪೇಸ್ಟ್ ಸಿಕ್ರೆ ತೂತನ್ನ ತೊಳೆದು ಒರೆಸಿ ಸ್ವಲ್ಪ ತುಂಬಿ, ಹಲ್ಲು ಕಚ್ಚಿ ನೋಡಿ, ಎತ್ತರ ಅನ್ಸಿದ್ರೆ ಒಣಗೋ ಮುಂಚೆ ಸರಿ ಮಾಡಿ. ಫೆವಿಕ್ವಿಕ್ ಥರದ ಗಮ್ ಖಂಡಿತ ಬೇಡ. ಒಸಡಲ್ಲಿ ಗುಳ್ಳೆ ಎದ್ದು ಕೀವು ಬರ್ತಿದ್ರೆ ಹಲ್ಲಿನ ತೂತನ್ನ ಮುಚ್ಚಲೇಬೇಡಿ, ಕೀವಿಗೆ ಹೊರಗೆ ಬರೋ ದಾರಿ ಇಲ್ದೆ ರಾತ್ರೋರಾತ್ರಿ ಮುಖ ಊದಬಹುದು. ಫ್ಲೋರೈಡ್ ಇರೋ ಪೇಸ್ಟಲ್ಲಿ ದಿನಕ್ಕೆರಡು ಸಲ ಉಜ್ಜಿ, ರಾತ್ರಿ ಉಜ್ಜಿದ ಮೇಲೆ ಉಗುಳಿ, ನೀರಲ್ಲಿ ಬಾಯಿ ಮುಕ್ಕಳಿಸದೆ ಹಂಗೇ ಮಲಗಿ.